ಸಾರು ಬಡಿಸಿದ ನಿರ್ದೇಶಕಿ

ನನ್ನನ್ನು ಟ್ರಸ್ಟಿಗೆ ಸೇರಿಸಿಕೊಂಡದ್ದು ನಾನು ನಿದ್ದೆ ಮಾಡಿದ್ದಕ್ಕೆ. ಕಾರ್ಕಳದ ಹೈಸ್ಕೂಲಿನಿಂದ ನಿವೃತ್ತಳಾದ ವರ್ಷ, ಯಾರೋ ಕರೆದರೆಂದು ಮಣಿಪಾಲಕ್ಕೆ ಒಂದು ಸಿನೆಮಾ ನೋಡಲು ಹೋಗಿದ್ದೆ. ಹೊಸ ಹುಡುಗನೊಬ್ಬ ಸ್ವಂತ ಹುಮ್ಮಸ್ಸಿನಿಂದ ಮಾಡಿದ ಸಿನೆಮಾ. ಮುಗಿದ ಮೇಲೆ ಎಲ್ಲರೂ ಕಣ್ಣು ಒರೆಸಿಕೊಂಡು ಅದ್ಭುತ ಎಂದರು. ಮೈಕು ನನ್ನ ಕೈಗೆ ಬಂದಾಗ, "ನನಗೆ ನಡುವಿನಲ್ಲಿ ಒಳ್ಳೆಯ ನಿದ್ದೆ ಬಂತು. ಎದ್ದು ನೋಡಿದರೆ ಆಗಲೂ ಅದೇ ಮರ ಇತ್ತು," ಎಂದೆ. ಸಭೆ ತಣ್ಣಗಾಯಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೇ ರೇಚಲ್. ಮರುವಾರ ನಾನು ಅವಳ ಟ್ರಸ್ಟಿನ ಸದಸ್ಯೆಯಾದೆ.

ರೇಚಲ್ ಮುಂಬೈಯಲ್ಲಿ ಬಹಳ ಕಾಲ ಸಿನೆಮಾ ಎಡಿಟಿಂಗ್ ಮಾಡಿ ಊರಿಗೆ ಮರಳಿದವಳು. ಅವಳ 'ತೆರೆಬೆಳಕು' ಟ್ರಸ್ಟ್ ಇರುವುದು ಮಣಿಪಾಲದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಇದು ಲಾಭದ ಉದ್ದೇಶವಿಲ್ಲದ ಸಂಸ್ಥೆ ಎಂದು ಬೋರ್ಡಿನಲ್ಲಿ ಬರೆದಿದೆ. ಬರೆಯದಿದ್ದರೂ ಒಳಗಿನ ಕುರ್ಚಿಗಳನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದೆ ಸಿನೆಮಾ ಮಾಡುತ್ತೇನೆಂದು ಹೊರಟ ಹುಡುಗ ಹುಡುಗಿಯರಿಗೆ ನಾವು ಕ್ಯಾಮೆರಾ ಕೊಡುತ್ತೇವೆ, ಮೈಕು ಕೊಡುತ್ತೇವೆ, ಎಡಿಟಿಂಗ್ ಮಾಡಲು ಕಂಪ್ಯೂಟರು ಬಿಟ್ಟುಕೊಡುತ್ತೇವೆ. ಜೊತೆಗೆ ಒಬ್ಬ ಮಾರ್ಗದರ್ಶಕನನ್ನೂ ಕೊಡುತ್ತೇವೆ. ಅದನ್ನು ಸಹಾಯ ಎನ್ನಬೇಕೋ ಶಿಕ್ಷೆ ಎನ್ನಬೇಕೋ ಎಂಬುದು ಆ ಮಾರ್ಗದರ್ಶಕ ಯಾರು ಎಂಬುದರ ಮೇಲೆ ನಿಂತಿದೆ.

ದೊಡ್ಡ ಸಹಾಯ ಇರುವುದು ಕೊನೆಯಲ್ಲಿ. ಉಡುಪಿಯ ಒಂದು ಸ್ಟುಡಿಯೋದವರು ನಮ್ಮ ಮುಖ ನೋಡಿ ವರ್ಷಕ್ಕೆ ಒಂದು ಸಿನೆಮಾಕ್ಕೆ ಧ್ವನಿ ಮತ್ತು ಬಣ್ಣದ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಆ ಕೆಲಸ ಆಗದ ಸಿನೆಮಾವನ್ನು ಯಾವ ಚಿತ್ರೋತ್ಸವಕ್ಕೂ ಕಳುಹಿಸುವ ಹಾಗಿಲ್ಲ. ಅದು ಹಾರ್ಡ್‌ಡಿಸ್ಕಿನಲ್ಲೇ ಮುದಿಯಾಗುತ್ತದೆ. ಸ್ಟುಡಿಯೋಕ್ಕೆ ಕಳುಹಿಸುವ ಮೊದಲು ರೇಚಲಳದ್ದು ಒಂದು ಹಟದ ನಿಯಮ ಉಂಟು. ನಿರ್ದೇಶಕರು ತಮ್ಮ ಸಿನೆಮಾವನ್ನು ಊರಿನ ಜನರಿಗೆ ತೋರಿಸಬೇಕು, ಎಲ್ಲಿ ಸೋತಿದೆ ಎಂದು ಅವರ ಬಾಯಿಂದಲೇ ಕೇಳಬೇಕು, ಕೇಳಿದ ಮೇಲೆ ತಿದ್ದಬೇಕು. ಬರೀ ಹೊಗಳಿಕೆ ಸಿಕ್ಕಿದ ಸಿನೆಮಾಕ್ಕೆ ಅವಕಾಶವಿಲ್ಲ, ಸರದಿ ಮುಂದಿನವರಿಗೆ ಹೋಗುತ್ತದೆ.

ಈ ಸಲದ ಸರದಿ ಮುರ್ಶಿದಾಳದ್ದು. ಕಾಪುವಿನ ಹುಡುಗಿ. ಹಗಲು ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ, ಸಂಜೆ ನಮ್ಮ ಕಂಪ್ಯೂಟರಿನ ಎದುರು ಕೂತರೆ ಕೊನೆಯ ಬಸ್ಸಿನ ಹೊತ್ತಿಗೆ ನಾವೇ ಎಬ್ಬಿಸಿ ಕಳುಹಿಸಬೇಕು. ಅವಳು ಉಪ್ಪ ಎಂದು ಕರೆಯುವ ತಂದೆ ಶೇಕಬ್ಬನಿಗೆ ಕಾಪು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಶೇಕಬ್ಬನ ಅಂಗಡಿಗೆ ಜನ ಹೋಗುವುದು ಅರ್ಧ ಚಪ್ಪಲಿಗೆ, ಅರ್ಧ ಅವನ ಬಾಯಿಗೆ. "ಇದು ಕಾಲು ಕಚ್ಚುತ್ತದಾ?" ಎಂದು ಯಾರಾದರೂ ಕೇಳಿದರೆ, "ಹೊಸ ಅಳಿಯನೂ ಮೊದಲು ಸ್ವಲ್ಪ ಕಚ್ಚುತ್ತಾನೆ, ಮತ್ತೆ ಸರಿಯಾಗುತ್ತಾನೆ" ಎನ್ನುತ್ತಾನೆ. ಬೆಲೆಗೆ ಎಳೆದಾಡುವ ಹೆಂಗಸರಿಗೆ, "ಅಕ್ಕ, ಈಗ ಒಂದು ಕಾಲಿನದ್ದು ತೆಗೆದುಕೊಂಡು ಹೋಗಿ. ಇನ್ನೊಂದು ಮುಂದಿನ ತಿಂಗಳು ಕೊಡುವ," ಎನ್ನುತ್ತಾನೆ. ನಾನೇ ಕಾರ್ಕಳದಿಂದ ಹೋಗಿ ಬೇಡದ ಚಪ್ಪಲಿ ಕೊಂಡುಕೊಂಡು ಬಂದದ್ದುಂಟು.

ಮುರ್ಶಿದಾಳ ಸಿನೆಮಾದ ಹೆಸರು 'ಜತೆಯಿಲ್ಲದ ಚಪ್ಪಲಿ'. ಗಿರಾಕಿಗಳೇ ಬಾರದ ಅಂಗಡಿಯಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ಯಾರೋ ಬಿಟ್ಟುಹೋದ ಒಂದೇ ಒಂದು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ದಾರಿ ನೋಡುತ್ತಾನೆ. ನೋಡುತ್ತಲೇ ಇರುತ್ತಾನೆ. ಸಂಜೆಯಾಗುತ್ತದೆ, ಸಿನೆಮಾ ಮುಗಿಯುತ್ತದೆ. ಮುದುಕನ ಪಾತ್ರ ಮಾಡಿದ್ದು ಸ್ವತಃ ಶೇಕಬ್ಬ. ಕಾಪುವಿನಲ್ಲಿ ಸಿನೆಮಾ ಮಾಡಿಯೂ ಎಲ್ಲರೂ ತೋರಿಸುವ ಕಡಲತೀರದ ದೀಪಸ್ತಂಭ ತೋರಿಸಲಿಲ್ಲವಲ್ಲ ಎಂದು ಅವಳಿಗೆ ಮನಸ್ಸಿನಲ್ಲೇ ಒಂದು ಅಂಕ ಕೊಟ್ಟಿದ್ದೆ. ಉಳಿದ ಅಂಕಗಳಿಗೆ ಜಾಗ ಹುಡುಕಿ ಸಾಕಾಯಿತು. ಅದನ್ನು ಅವಳಿಗೆ ಹೇಳಿಯೂ ಹೇಳಿದೆ. ಆದರೆ ಟ್ರಸ್ಟಿನವರ ಮಾತು ನಿಯಮದ ಲೆಕ್ಕಕ್ಕೆ ಬರುವುದಿಲ್ಲ. ಅದೂ ಅಲ್ಲದೆ ನಾನು ಬಯ್ಯುವುದು ಹೊಸ ಸುದ್ದಿಯೇನೂ ಅಲ್ಲ.

ಇದಕ್ಕೆಲ್ಲ ಮೂಲ ಪ್ರತೀಕ್. ಅವನೇ ಅವಳಿಗೆ ನಾವು ಕೊಟ್ಟ ಮಾರ್ಗದರ್ಶಕ. ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡ ಉಡುಪಿಯ ಹುಡುಗ. ಅವನ ಪ್ರಕಾರ ಸಿನೆಮಾ ಎಂದರೆ ಮೌನ. ಮೌನದ ಬಗ್ಗೆ ಮಾತನಾಡಲು ಶುರು ಮಾಡಿದರೆ ಅವನನ್ನು ನಿಲ್ಲಿಸುವುದು ಯಾರಿಂದಲೂ ಸಾಧ್ಯವಿಲ್ಲ.

ಮಣಿಪಾಲದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿದಾಗ ಎಲ್ಲರೂ ನೈಸ್ ಎಂದರು. ಒಬ್ಬಳು ಡೀಪ್ ಎಂದಳು. ರೇಚಲ್ ಒಪ್ಪಲಿಲ್ಲ. ಉಳಿದದ್ದು ಕಾಪುವಿನ ಒಂದು ಪ್ರದರ್ಶನ. ಅಲ್ಲೂ ಹೀಗೇ ಆದರೆ ಸ್ಟುಡಿಯೋದ ಅವಕಾಶ ಹೆಬ್ರಿಯ ಹರ್ಷಿತನ ಸಿನೆಮಾಕ್ಕೆ ಹೋಗುವುದೆಂದು ಅವಳು ಹೇಳಿಬಿಟ್ಟಳು.

"ನಿನ್ನ ಉಪ್ಪ ಎಂತ ಹೇಳ್ತಾರೆ?" ಎಂದು ನಾನು ಮುರ್ಶಿದಾಳನ್ನು ಕೇಳಿದೆ.

"ಲಾಯ್ಕ ಉಂಟು ಮಗಳೇ, ಅಂತಾರೆ ಟೀಚರ್. ಮತ್ತೆ ಚಪ್ಪಲಿಯ ಧೂಳು ಒರೆಸಲು ಹೋಗ್ತಾರೆ." ಅವಳು ಉಗುರು ಕಚ್ಚಿದಳು. "ಉಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಹಿಡಿಸಲಿಲ್ಲವೋ ಏನೋ. ಹೇಳುವುದೂ ಇಲ್ಲ. ನನಗೆ ಸ್ಟುಡಿಯೋಕ್ಕಿಂತ ಅದೇ ಚಿಂತೆ ಆಗಿದೆ."

ಕಾಪುವಿನ ಸಭಾಭವನ ತುಂಬಿ ತುಳುಕಿತು. ಪ್ರದರ್ಶನದ ನಂತರ ಊಟದ ವ್ಯವಸ್ಥೆ ಇದೆ ಎಂದು ನಾನೇ ಹೇಳಿಸಿದ್ದೆ. ಕ್ಯಾಟರಿಂಗಿನ ಉಮಾನಾಥ ನನ್ನ ಹಳೆಯ ವಿದ್ಯಾರ್ಥಿ. ಅವನು ಊಟ ತನ್ನ ಸೇವೆ ಎಂದು ಒಪ್ಪಿದ್ದ. ಸಿನೆಮಾ ನಡೆಯುವಾಗ ಜನ ಶಿಸ್ತಿನಿಂದ ಕೂತರು. ಒಬ್ಬರೂ ಏಳಲಿಲ್ಲ, ಒಬ್ಬರೂ ಮಾತನಾಡಲಿಲ್ಲ. ಅಡುಗೆಮನೆಯಿಂದ ಒಗ್ಗರಣೆಯ ಪರಿಮಳ ಬಂದಾಗ ಮಾತ್ರ ಎಲ್ಲರ ತಲೆ ಒಂದೇ ಕಡೆಗೆ ತಿರುಗಿತು.

ಮುಗಿದ ಮೇಲೆ ರೇಚಲ್ ಮೈಕು ಹಿಡಿದು ಬೇಡಿಕೊಂಡಳು. "ದಯವಿಟ್ಟು ಹೊಗಳಬೇಡಿ. ಎಲ್ಲಿ ಬೇಸರ ಬಂತು, ಎಲ್ಲಿ ಸುಳ್ಳು ಅನ್ನಿಸಿತು, ಅದನ್ನು ಹೇಳಿ."

ಮೊದಲು ಬಂದ ಹಿರಿಯರು, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂದು ಖಾಲಿ ವೇದಿಕೆಗೆ ಕೈಮುಗಿದರು. ಇಂಥ ಸಿನೆಮಾ ಕಾಪುವಿಗೆ ಹೆಮ್ಮೆ ಎಂದರು. ಎರಡನೆಯವರು ಟ್ರಸ್ಟಿಗೆ, ಸಭಾಭವನದವರಿಗೆ, ವಿದ್ಯುತ್ ಇಲಾಖೆಗೆ ಕೃತಜ್ಞತೆ ಸಲ್ಲಿಸಿದರು. ಶೇಕಬ್ಬನ ಅಂಗಡಿಯ ಎದುರು ಬೇಕರಿ ಇಟ್ಟಿರುವ ಕ್ಲಾಯ್ಡ್, "ತುಂಬಾ ಅರ್ಥಪೂರ್ಣ" ಎಂದು ಹೇಳಿ ಬೆವರು ಒರೆಸಿಕೊಂಡ. ಇನ್ನೊಬ್ಬರು ಬರುವ ವಾರ್ಷಿಕೋತ್ಸವದಲ್ಲಿ ಮುರ್ಶಿದಾಳಿಗೆ ಸನ್ಮಾನ ಮಾಡಬೇಕೆಂದು ಸೂಚಿಸಿದರು, ಚಪ್ಪಾಳೆ ಬಿತ್ತು. ರೇಚಲ್ ನನ್ನ ಮುಖ ನೋಡಿದಳು. ಮುರ್ಶಿದಾ ನೆಲ ನೋಡಿದಳು.

ನಮ್ಮ ಜನ ಸುಳ್ಳುಗಾರರೆಂದು ಯಾರೂ ತಿಳಿಯಬಾರದು. ಎದುರಿಗೆ ನಿಂತ ಮನುಷ್ಯನಿಗೆ ನಿನ್ನ ಕೆಲಸ ಚೆನ್ನಾಗಿಲ್ಲ ಎನ್ನುವುದು ಇಲ್ಲಿ ಮರ್ಯಾದೆಯ ಮಾತಲ್ಲ, ಅಷ್ಟೇ. ಹಾಗೆಂದು ಸತ್ಯ ಹೊಟ್ಟೆಯಲ್ಲೇ ಉಳಿಯುವುದೂ ಇಲ್ಲ. ಮದುಮಗನ ಬಣ್ಣ, ಭಾಷಣದ ಉದ್ದ, ನಾಟಕದ ನಾಯಕಿಯ ವಯಸ್ಸು, ಎಲ್ಲವೂ ಇತ್ಯರ್ಥವಾಗುವುದು ಊಟದ ಪಂಕ್ತಿಯಲ್ಲಿ. ಎದುರಿಗೆ ಎಲೆ, ಪಕ್ಕದಲ್ಲಿ ಪರಿಚಯದವನು ಇದ್ದರೆ ನಮ್ಮವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಡಿಸುವವರು ಹತ್ತಿರ ಬಂದರೂ ಯಾರೂ ಮಾತು ನಿಲ್ಲಿಸುವುದಿಲ್ಲ. ಬಡಿಸುವವರಿಗೆ ಕೈ ಮಾತ್ರ ಇರುತ್ತದೆ, ಕಿವಿ ಇರುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ.

ನಾನು ಮುರ್ಶಿದಾಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಉಮಾನಾಥ, ಇವಳಿಗೆ ಒಂದು ಟೊಪ್ಪಿ, ಮಾಸ್ಕ್, ನಿಮ್ಮ ಬಡಿಸುವವರ ಕೋಟು ಕೊಡು."

"ಟೀಚರ್, ಇವರು ಮೊದಲು ಎಲ್ಲಿಯಾದರೂ ಬಡಿಸಿದ್ದಾರಾ?"

"ಈಗಷ್ಟೇ ಸಿನೆಮಾ ಬಡಿಸಿದ್ದಾಳೆ. ಸಾರು ಅದಕ್ಕಿಂತ ಸುಲಭ."

ಮುರ್ಶಿದಾ ಹಿಂದೆ ಸರಿದಳು. "ಇದು ಮೋಸ ಅಲ್ವಾ ಟೀಚರ್?"

"ಮೋಸ ಮಾಡಿದ್ದು ಅವರು. ಮೈಕಿನಲ್ಲಿ ಹೊಗಳಿದ್ದಾರೆ. ನಿನಗೆ ಸತ್ಯ ಬೇಕಾ ಬೇಡ್ವಾ?"

ಅವಳು ತಲೆವಸ್ತ್ರದ ಮೇಲೆಯೇ ಟೊಪ್ಪಿ ಎಳೆದುಕೊಂಡು ಸಾರಿನ ಬಾಲ್ದಿ ಎತ್ತಿಕೊಂಡಳು. ಅವಳ ಕಣ್ಣುಗಳ ಹೊರತು ಬೇರೇನೂ ಕಾಣುತ್ತಿರಲಿಲ್ಲ. ನಾನು ಹೊರಗೆ ಬಂದು ಕ್ಲಾಯ್ಡ್‌ನ ಪಕ್ಕದ ಕುರ್ಚಿ ಹಿಡಿದೆ. ಅವನ ಆಚೆ ಪಕ್ಕ ಶೇಕಬ್ಬ. ನಮ್ಮ ಎದುರಿನ ಸಾಲಿನಲ್ಲಿ ಪ್ರತೀಕ್. ಯಾರಾದರೂ ಒಬ್ಬರು ಕಡ್ಡಿ ಗೀರಬೇಕಲ್ಲ, ಆ ಕೆಲಸ ನನ್ನದೆಂದುಕೊಂಡು ಗಟ್ಟಿಯಾಗಿ ಹೇಳಿದೆ: "ಸಿನೆಮಾ ಸ್ವಲ್ಪ ನಿಧಾನ ಆಯ್ತು ಅಲ್ವಾ?"

ಅಷ್ಟೇ ಸಾಕಾಯಿತು.

"ನಿಧಾನವಾ?" ಎಂದರು ಕಾಪುವಿಗೆ ಹೆಮ್ಮೆ ಎಂದಿದ್ದ ಹಿರಿಯರು. "ಆ ಅಂಗಡಿಯ ಬಾಗಿಲು ತೆರೆಯಲಿಕ್ಕೆ ಎಷ್ಟು ಹೊತ್ತು ಮಾರಾಯ್ರೆ! ನಾನೇ ಎದ್ದು ಹೋಗಿ ಎಳೆದು ಬರುವ ಅಂತಿದ್ದೆ." ಅವರ ಅನ್ನದ ಮೇಲೆ ಸಾರು ಬಿತ್ತು. ಸ್ವಲ್ಪ ಅಲ್ಲ, ಎಲೆಯ ಅಂಚು ದಾಟಿ ಮೇಜಿನ ಮೇಲೆ ಹರಿಯುವಷ್ಟು ಬಿತ್ತು.

"ಕಾಗೆ ಯಾಕೆ ಅಷ್ಟು ಸಲ ಬರುವುದು?" ಎಂದರು ಸನ್ಮಾನ ಸೂಚಿಸಿದವರು. "ಮುದುಕ ಸಾಯ್ತಾನೆ ಅಂತ ನಾನು ಕಾದೆ. ಸಾಯಲೂ ಇಲ್ಲ." ಅವರಿಗೆ ಬಾಲ್ದಿಯ ತಳದ ಕುದಿಯುವ ಸಾರೇ ಸಿಕ್ಕಿತು. ಅವರು ನಾಲಿಗೆ ಸುಟ್ಟುಕೊಂಡು ನೀರಿಗೆ ಕೈಚಾಚಿದರು.

ವಿದ್ಯುತ್ ಇಲಾಖೆಯ ಅಭಿಮಾನಿ ತನಗೆ ಕಥೆಯೇ ತಿಳಿಯಲಿಲ್ಲವೆಂದರು. ಅವರ ಹೆಂಡತಿ, ಕಥೆ ಇದ್ದರಲ್ಲವೇ ತಿಳಿಯುವುದು ಎಂದರು. ಪಂಕ್ತಿಯ ತುದಿಯಿಂದ ತುದಿಗೆ ನಗು ಹಬ್ಬಿತು. ಸಾರಿನ ಬಾಲ್ದಿ ನನ್ನ ಕಡೆಗೆ ಬರುತ್ತಿದ್ದಂತೆ ಮಾಸ್ಕಿನ ಮೇಲಿನ ಆ ಕಣ್ಣುಗಳಲ್ಲಿ ಸಿಟ್ಟು ಕಂಡಿತು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ನಿಯಮಕ್ಕೆ ಬೇಕಾದಷ್ಟು ಟೀಕೆ ಆಗಲೇ ಸಿಕ್ಕಿಬಿಟ್ಟಿತ್ತು.

ಆಗ ಪ್ರತೀಕ್ ತನ್ನ ಪಕ್ಕದ ಗೆಳೆಯನಿಗೆ ಹೇಳಿದ: "ಇವರು ಎಂತ ಬೇಕಾದರೂ ಹೇಳಲಿ, ಹೊರಗೆ ಇದು ಖಂಡಿತ ಓಡ್ತದೆ. ಪಾಪದ ಮುದುಕ, ಖಾಲಿ ಅಂಗಡಿ, ಸಣ್ಣ ಊರು. ಫೆಸ್ಟಿವಲ್‌ನವರಿಗೆ ಇದೇ ಬೇಕಾದದ್ದು. ಆ ಮನುಷ್ಯ ಶೂಟಿಂಗಿನಲ್ಲಿ ನಗಾಡ್ತಾ ಇದ್ದರು, ನಿಲ್ಲಿಸಲಿಕ್ಕೆ ನಾವು ಪಟ್ಟ ಪಾಡು!"

ಮುರ್ಶಿದಾಳ ಸೌಟು ಅವನ ಎಲೆಯ ಮೇಲೆ ನಿಂತೇ ಬಿಟ್ಟಿತು. ಅವನಿಗೆ ಸಾರು ಬೀಳಲೇ ಇಲ್ಲ. ಅವನು ಕೈ ತೋರಿಸುತ್ತಿದ್ದಂತೆ ಅವಳು ಬಾಲ್ದಿ ಎತ್ತಿಕೊಂಡು ಈ ಕಡೆಗೆ ದಾಟಿದಳು.

ಕ್ಲಾಯ್ಡ್ ಅನ್ನ ಕಲಸುತ್ತಾ ಶೇಕಬ್ಬನ ಕಡೆಗೆ ಬಾಗಿದ. "ಶೇಕಬ್ಬಣ್ಣ, ತಪ್ಪು ತಿಳಿಯಬೇಡಿ. ನಿಮ್ಮನ್ನು ಹಾಗೆ ನೋಡಿ ನನ್ನ ಹೆಂಡತಿ ಅತ್ತಳು. ನಿಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದರಲ್ಲಿ ಒಬ್ಬ ಗಿರಾಕಿ ಇಲ್ಲ!"

"ಗಿರಾಕಿ ಬಂದರೆ ನಾನು ಮಾತಾಡ್ತೇನೆ ಅಂತ ಅವರನ್ನೆಲ್ಲ ಹೊರಗೆ ನಿಲ್ಲಿಸಿದ್ದರು. ಆ ದಿನ ಅವರೆಲ್ಲ ನಿಮ್ಮ ಬೇಕರಿಯಲ್ಲಿ ಪಫ್ಸ್ ತಿಂದದ್ದು. ನನಗೆ ಕಮಿಷನ್ ಉಂಟು ಅಲ್ವಾ?" ಎಂದ ಶೇಕಬ್ಬ. ಸುತ್ತ ಕೂತವರೆಲ್ಲ ನಕ್ಕರು. ಅವನು ಮಾತ್ರ ನಗಲಿಲ್ಲ. ಅನ್ನದ ನಡುವೆ ಬೆರಳಿನಿಂದ ಸಾರಿಗೆ ಗುಂಡಿ ಮಾಡುತ್ತಾ ಹೇಳಿದ: "ನನ್ನ ಮಗಳು ಸಣ್ಣದಿರುವಾಗ ಶಾಲೆ ಬಿಟ್ಟು ಸೀದಾ ಅಂಗಡಿಗೆ ಬರುವುದು. ಪೆಟ್ಟಿಗೆಗಳ ಹಿಂದೆ ಕೂತು ನಾನು ಹೇಳಿದ್ದಕ್ಕೆಲ್ಲ ನಗುವುದು. ಅವಳು ನನ್ನ ಬಗ್ಗೆ ಸಿನೆಮಾ ಮಾಡ್ತೇನೆ ಅಂದಾಗ ಆ ಶೇಕಬ್ಬ ಬರ್ತಾನೆ ಅಂತ ನಾನು ಅಂದುಕೊಂಡದ್ದು. ಮಾಡಿದ್ದು ಲಾಯ್ಕವೇ ಇರಬಹುದು ಕ್ಲಾಯ್ಡ್, ನನಗೆ ಸಿನೆಮಾ ಗೊತ್ತಾಗುವುದಿಲ್ಲ. ಆದರೆ ನನ್ನ ಮಗಳ ಕಣ್ಣಿಗೆ ನಾನು ಅಷ್ಟು ಪಾಪದವನಾ? ಅದು ಗೊತ್ತಾದ ಮೇಲೆ ಅಂಗಡಿಯಲ್ಲಿ ಕೂತರೆ ಬಾಯಿಗೆ ಮಾತೇ ಬರುವುದಿಲ್ಲ."

ಮುರ್ಶಿದಾ ಅವನ ಎದುರಿಗೇ ನಿಂತಿದ್ದಳು. ಸೌಟಿನಲ್ಲಿದ್ದ ಸಾರನ್ನು ಅವನು ಮಾಡಿದ ಗುಂಡಿಗೆ ನಿಧಾನವಾಗಿ ಬಿಟ್ಟಳು. ಒಂದು ಹನಿಯೂ ಆಚೆ ಹೋಗಲಿಲ್ಲ. ಆಮೇಲೆ ಉಳಿದ ಸಾಲನ್ನು ಬಿಟ್ಟು ಬಾಲ್ದಿಯೊಂದಿಗೆ ಒಳಗೆ ಹೋದಳು. ಆಚೆಯವರು ಸಾರು, ಸಾರು ಎಂದು ಕೂಗತೊಡಗಿದರು. ನನ್ನ ಕುಣಿದಾಟವೆಲ್ಲ ಇಳಿದುಹೋಯಿತು. ತಮಾಷೆಗೆಂದು ಹೊರಟವಳಿಗೆ ಇಷ್ಟು ಬೇಕಿರಲಿಲ್ಲ. ಪಾಯಸ ಬಂತು, ನನಗೆ ಸೇರಲಿಲ್ಲ.

ಕೈತೊಳೆಯುವಲ್ಲಿ ಶೇಕಬ್ಬ ನನ್ನ ಪಕ್ಕ ಬಂದು ನಿಂತ. "ಟೀಚರೇ, ಆ ಟೊಪ್ಪಿ ಅವಳಿಗೆ ದೊಡ್ಡದಾಯ್ತು."

ನನ್ನ ಕೈಯಿಂದ ಸಾಬೂನು ಜಾರಿತು. "ನಿಮಗೆ ಗೊತ್ತಿತ್ತಾ?"

"ಬಾಲ್ದಿ ಹಿಡಿದು ಬಾಗಿಲು ದಾಟುವಾಗಲೇ ಗೊತ್ತಾಯ್ತು. ಎಂತ ಟೀಚರೇ, ಸ್ವಂತ ಮಗಳನ್ನು ಒಂದು ಮಾಸ್ಕ್ ಮರೆ ಮಾಡ್ತದಾ? ಎದುರಿಗೆ ಕೂರಿಸಿ ಹೇಳಲಿಕ್ಕೆ ನನಗೆ ಆಗುತ್ತಿರಲಿಲ್ಲ. ಅವಳು ಹಾಗೆ ಬಂದದ್ದಕ್ಕೆ ಕ್ಲಾಯ್ಡ್‌ನಿಗೆ ಹೇಳಿದ ಹಾಗೆ ಹೇಳಿದೆ." ಅವನು ಟವೆಲಿಗೆ ಕೈ ಒರೆಸಿಕೊಂಡ. "ಜೋರಾಯ್ತಾ?"

ಎಲ್ಲ ನನ್ನ ಉಪಾಯ ಎಂದು ಬೀಗುತ್ತಿದ್ದವಳು ನಾನು. ಈ ಮನುಷ್ಯ ನನ್ನ ಉಪಾಯವನ್ನೇ ತನ್ನ ಕೆಲಸಕ್ಕೆ ಇಟ್ಟುಕೊಂಡಿದ್ದ. "ಸಾಕಷ್ಟು ಆಯ್ತು," ಎಂದೆ.

ಅಡುಗೆಮನೆಯಲ್ಲಿ ಮುರ್ಶಿದಾ ಅಕ್ಕಿಯ ಗೋಣಿಯ ಮೇಲೆ ಕೂತು ಅಳುತ್ತಿದ್ದಳು. ರೇಚಲ್ ಪಕ್ಕದಲ್ಲಿ ನಿಂತು ಹಪ್ಪಳ ತಿನ್ನುತ್ತಿದ್ದಳು. ಸಮಾಧಾನ ಮಾಡುವುದು ಅವಳಿಗೆ ಬರುವುದಿಲ್ಲ.

"ಇಡೀ ಸಿನೆಮಾವೇ ತಪ್ಪು ಮೇಡಂ. ಹರ್ಷಿತನಿಗೆ ಕೊಟ್ಟುಬಿಡಿ," ಎಂದಳು ಮುರ್ಶಿದಾ.

"ಇಡೀ ಅಲ್ಲ. ಅಂಗಡಿ ಸರಿ ಉಂಟು, ಮನುಷ್ಯ ಸರಿ ಇದ್ದಾರೆ," ಎಂದಳು ರೇಚಲ್. "ಕ್ಯಾಮೆರಾ ನಾಳೆಯೇ ತೆಗೆದುಕೊಂಡು ಹೋಗು. ಸ್ಟುಡಿಯೋದ ದಿನದೊಳಗೆ ಮುಗಿಸಿದರೆ ಅವಕಾಶ ನಿನ್ನದೇ. ಇವತ್ತು ನಿನ್ನಷ್ಟು ಕೇಳಿಸಿಕೊಂಡ ನಿರ್ದೇಶಕರನ್ನು ನಾನು ನೋಡಿಲ್ಲ."

ವಿಷಯ ತಿಳಿದು ಓಡಿಬಂದ ಪ್ರತೀಕ್, ಮತ್ತೆ ಶೂಟ್ ಮಾಡಿ ಶೇಕಬ್ಬನನ್ನು ಮಾತಾಡಲು ಬಿಟ್ಟರೆ ಸಿನೆಮಾದ ಮೌನ ಹೋಗುತ್ತದೆ ಎಂದ. ಹೋಗಲಿ, ಅದಕ್ಕೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತದೆ ಎಂದಳು ರೇಚಲ್. ಪಾಪ, ಅವನಿಗೆ ಕೊನೆಯವರೆಗೂ ಸಾರು ಸಿಗಲಿಲ್ಲ.

ಮರುದಿನದಿಂದ ಶೂಟಿಂಗ್ ಮತ್ತೆ ಶುರುವಾಯಿತು. ಶೇಕಬ್ಬನ ಅಂಗಡಿಯ ಬಾಗಿಲು ತೆರೆಯಿತು, ಗಿರಾಕಿಗಳನ್ನು ಯಾರೂ ತಡೆಯಲಿಲ್ಲ. ಮೊದಲಿಗೆ ಅವನು ಕ್ಯಾಮೆರಾ ನೋಡಿ ಗಂಟಲು ಸರಿಮಾಡಿಕೊಳ್ಳುತ್ತಾ ಬೊಂಬೆಯ ಹಾಗೆ ನಿಂತ. ನಾನು ಗಿರಾಕಿಯಾಗಿ ಒಳಗೆ ಹೋಗಿ ಒಂದು ಜತೆಗೆ ಅರ್ಧ ಬೆಲೆ ಹೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಟೀಚರೇ, ಮಕ್ಕಳಿಗೆ ಅಂಕ ಕೊಡುವಾಗ ಇದ್ದ ಬುದ್ಧಿ ಇನ್ನೂ ಹೋಗಲಿಲ್ವಾ?" ಎಂದ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಅವನನ್ನು ಹಿಡಿಯುವವರಿಲ್ಲ. ನಾನು ಪೂರ್ತಿ ಬೆಲೆ ಕೊಟ್ಟು ಹೊರಬಂದೆ.

ಸ್ಟುಡಿಯೋಕ್ಕೆ ಹೋದ ದಿನ ಶೇಕಬ್ಬನೂ ನಮ್ಮ ಜೊತೆ ಬಂದ. ಒಳಗೆ ಮಾತನಾಡಬಾರದೆಂದು ರೇಚಲ್ ಮೊದಲೇ ಎಚ್ಚರಿಸಿ ಅವನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದಳು. ಧ್ವನಿಯ ಕೆಲಸ ಮಾಡುವ ವನೆಸ್ಸಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಅದನ್ನು ಕಳಚಿದಳು.

"ಕ್ಯಾಮೆರಾದ ಹಿಂದೆ ಯಾರೋ ನಗ್ತಾ ಇದ್ದಾರೆ. ಎಲ್ಲ ಶಾಟಿನಲ್ಲೂ ಉಂಟು. ಇದನ್ನು ತೆಗೆದು ಕ್ಲೀನ್ ಮಾಡ್ತೇನೆ, ಆಗಬಹುದಾ?"

ಮುರ್ಶಿದಾಳ ಮುಖ ಕೆಂಪಾಯಿತು. "ಅದು ನಾನು. ಎಷ್ಟು ಬಾಯಿ ಮುಚ್ಚಿಕೊಂಡರೂ ತಡೆಯಲಿಕ್ಕೆ ಆಗಲಿಲ್ಲ. ತೆಗೆಯಿರಿ."

ಮೂಲೆಯ ಕುರ್ಚಿ ಕಿರ್ರೆಂದಿತು. "ತೆಗೆಯಬೇಡಿ," ಎಂದ ಶೇಕಬ್ಬ. ರೇಚಲ್ ತುಟಿಯ ಮೇಲೆ ಬೆರಳಿಟ್ಟರೂ ಅವನು ಎದ್ದು ನಿಂತಾಗಿತ್ತು. "ನಾನು ಅಷ್ಟು ಮಾತಾಡಿದ್ದೇ ಅದನ್ನು ಕೇಳಲಿಕ್ಕೆ."

ವನೆಸ್ಸಾ ಮುರ್ಶಿದಾಳ ಕಡೆಗೆ ತಿರುಗಿದಳು. ಮುರ್ಶಿದಾ ತಂದೆಯನ್ನೇ ನೋಡುತ್ತಾ, ಇರಲಿ ಎಂದು ತಲೆಯಾಡಿಸಿದಳು.